ಐದನೇ ಭರಣಿ

ಏನೂ ಮಾಡದಿರುವುದಕ್ಕೆ ತನಗೆ ಸಂಬಳ ಕೊಡುತ್ತಾರೆ ಎಂಬುದನ್ನು ಭೀಮರಾಜು ಹೆಂಡತಿಗೆ ಇನ್ನೂ ಹೇಳಿರಲಿಲ್ಲ. ದ್ರಾಕ್ಷಿ ತೋಟದಲ್ಲಿ ಸೂಪರ್‌ವೈಸರ್ ಎಂದಷ್ಟೇ ಯಶೋದಗೆ ಗೊತ್ತಿತ್ತು. ವೈನ್ ಎಂಬ ಪದವನ್ನು ಅವನೂ ಬಳಸಿರಲಿಲ್ಲ, ಅವಳೂ ಕೇಳಿರಲಿಲ್ಲ. ಆಷಾಢದ ಗಾಳಿ ಬಸ್ಸಿನ ಕಿಟಕಿಯ ಗಾಜನ್ನು ಒಂದೇ ಸಮ ಅಲುಗಿಸುತ್ತಿತ್ತು. ಮಧುಗಿರಿ ಬಿಟ್ಟು ಕೊರಟಗೆರೆ ಕಡೆಗೆ ಹೊರಟಿದ್ದ ಆ ಬಸ್ಸಿನಲ್ಲಿ ಕೂತು ಅವನು ಒಂದೇ ಲೆಕ್ಕವನ್ನು ಮತ್ತೆ ಮತ್ತೆ ಹಾಕುತ್ತಿದ್ದ. ಅರವತ್ತು ಲೀಟರಿಗೆ ಅರವತ್ತು ಗ್ರಾಂ ಉಪ್ಪು. ಲೀಟರಿಗೆ ಒಂದು ಗ್ರಾಂ. ಸಾವಿರದಲ್ಲಿ ಒಂದು ಪಾಲು. ಬೇರೆ ಯಾರಾದರೂ ಆಗಿದ್ದರೆ ಇಷ್ಟೇ ತಾನೇ ಎಂದು ಸುಮ್ಮನಾಗುತ್ತಿದ್ದರು. ಇಪ್ಪತ್ತೆಂಟು ವರ್ಷ ಹಾಲಿನ ಕೇಂದ್ರದಲ್ಲಿ ಪರೀಕ್ಷಕನಾಗಿದ್ದವನಿಗೆ ಇಷ್ಟೇ ತಾನೇ ಎನ್ನುವ ಅಭ್ಯಾಸವಿರಲಿಲ್ಲ. ಹನ್ನೊಂದು ಗಂಟೆಗೆ ಬೆಂಗಳೂರಿನಿಂದ ಇಬ್ಬರು ಬಂದು ತೋಟದ ಎಂಟೂ ಭರಣಿಗಳ ರುಚಿ ನೋಡುವವರಿದ್ದರು. ಐದನೇ ಭರಣಿಯ ಉಪ್ಪು ಅವರ ನಾಲಗೆಗೆ ಸಿಕ್ಕರೆ, ಊರವರ ಕಲಬೆರಕೆ ಹಿಡಿಯುತ್ತಿದ್ದ ಭೀಮರಾಜು ಅರವತ್ತೊಂದನೇ ವಯಸ್ಸಿನಲ್ಲಿ ತಾನೇ ಕಲಬೆರಕೆ ಮಾಡಿದ ಎಂದಾಗುತ್ತದೆ. ಸಿಗದಿದ್ದರೆ ಅದು ಇನ್ನೂ ಕಷ್ಟ. ಆಗ ಹೇಳುವುದೋ ಬಿಡುವುದೋ ಎಂಬುದು ಅವನ ಮೇಲೇ ಬೀಳುತ್ತದೆ.

ಬಸ್ಸಿಳಿದು ಗೇಟಿನವರೆಗೆ ನಡೆಯಲು ಎಂಟು ನಿಮಿಷ. ತೋಟ ನಾಗಲಿಂಗಯ್ಯ ಎಂಬುವರದು. ಎರಡು ಎಕರೆ ಕಪ್ಪು ದ್ರಾಕ್ಷಿಯನ್ನು ಹಿಲ್ಡಾ ಕ್ರಾಸ್ತಾ ಗುತ್ತಿಗೆಗೆ ಹಿಡಿದಿದ್ದರು. ಆಕೆ ಉಡುಪಿ ಹತ್ತಿರದ ಕಲ್ಯಾಣಪುರದವರು, ತುಮಕೂರಿನಲ್ಲಿ ನರ್ಸ್ ಆಗಿದ್ದು ನಿವೃತ್ತರಾದವರು. ಕ್ರಿಸ್‌ಮಸ್‌ಗೆಂದು ಅಜ್ಜಿ ಪ್ರತಿ ವರ್ಷ ಭರಣಿಯಲ್ಲಿ ವೈನ್ ಹಾಕುತ್ತಿದ್ದರಂತೆ. ಅಜ್ಜಿ ಸಕ್ಕರೆ ಹಾಕುತ್ತಿದ್ದರು, ಒಂದು ಹಿಡಿ ಗೋಧಿ ಹಾಕುತ್ತಿದ್ದರು. ಮೊಮ್ಮಗಳು ಎರಡನ್ನೂ ಬಿಟ್ಟರು. ಕೊಂಡು ತಂದ ಯೀಸ್ಟ್ ಇಲ್ಲ, ಗಂಧಕದ ಪುಡಿ ಇಲ್ಲ, ಸೋಸುವುದಿಲ್ಲ. ಹಣ್ಣನ್ನು ಕಾಲಲ್ಲಿ ತುಳಿದು, ಸೊಂಟದೆತ್ತರದ ಪಿಂಗಾಣಿ ಭರಣಿಗಳಲ್ಲಿ ತುಂಬಿ, ಬಾಯಿಗೆ ಬಟ್ಟೆ ಕಟ್ಟಿ ಬಿಡುವುದು. ಪರವಾನಗಿಗೆ ಚೌಕಟ್ಟು ಹಾಕಿಸಿ ಗೋಡೆಗೆ ತೂಗುಹಾಕಿದ್ದರು. ಬಾಟಲಿಯ ಚೀಟಿಯ ಮೇಲೆ ‘ದ್ರಾಕ್ಷಿ ಮಾತ್ರ’ ಎಂದು ಅಚ್ಚು ಹಾಕಿಸಿದ್ದರು. ಕೆಲಸಕ್ಕೆ ಸೇರಿದ ದಿನ ಆಕೆ ಹೇಳಿದ್ದು ಭೀಮರಾಜುವಿಗೆ ಅಕ್ಷರಶಃ ನೆನಪಿದೆ. “ನೀವು ಎಂತ ಮಾಡುದೂ ಬೇಡ ಭೀಮರಾಜರೇ. ನೋಡುದು, ಪುಸ್ತಕದಲ್ಲಿ ಬರೆಯುದು. ಕೈ ಹಾಕ್ಲಿಕ್ಕಿಲ್ಲ.” ಕೆಟ್ಟುಹೋದರೆ ಎಂದು ಅವನು ಕೇಳಿದ್ದ. “ಕೆಟ್ರೆ ಕೆಡ್ತದೆ” ಎಂದಿದ್ದರು, ಮಳೆ ಬಂದ್ರೆ ಬರ್ತದೆ ಎನ್ನುವ ಹಾಗೆ. ಆ ಮಾತು ಅವನ ಹೊಟ್ಟೆಯಲ್ಲಿ ತಿಂಗಳುಗಟ್ಟಲೆ ಕೂತಿತ್ತು. ನಾಲ್ಕು ಡಿಗ್ರಿಗೆ ತಣಿಸದ ದ್ರವ, ಕುದಿನೀರಲ್ಲಿ ತೊಳೆಯದ ಪಾತ್ರೆ, ನೊರೆ, ಗುಳ್ಳೆ, ನೊಣ, ಕಾಲು! ಅವನು ಇಡೀ ಜೀವಮಾನ ಯಾವುದನ್ನೆಲ್ಲ ಬಾಗಿಲ ಆಚೆ ನಿಲ್ಲಿಸಿದ್ದನೋ ಅದನ್ನೆಲ್ಲ ಇಲ್ಲಿ ಮಣೆ ಹಾಕಿ ಕೂರಿಸಿದ್ದರು.

ಅಂಗಳದಲ್ಲಿ ಈರಕ್ಕ ಗುಡಿಸುತ್ತಿದ್ದಳು. ಹಣ್ಣು ಕೀಳುವವಳು, ತುಳಿಯುವವಳು, ತೊಳೆಯುವವಳು ಎಲ್ಲ ಅವಳೇ. ಗಂಡನಿದ್ದಾಗ ಕುರಿ ಮೇಯಿಸುತ್ತಿದ್ದಳು, ಆಮೇಲೆ ಕೂಲಿ.

“ಯಾಕ್ ಸಾ, ಮಕ ಇಂಗಿಟ್ಕಂಡು ಬಂದಿದ್ದೀರಿ? ಮನೇಲಿ ಯಶೋದಮ್ಮೋರು ಮುದ್ದೆ ಹಾಕ್ನಿಲ್ವಾ?”

“ತಿಂದೆ ಕಣಮ್ಮ.”

“ಮೇಡಮ್ಮು ಬೆಳಗಿಂದ ಮೂರು ಸಲ ನೆಲ ಒರೆಸವ್ರೆ. ನಾನೊರೆಸಿದ್ದು ಸಾಲ್ದಂತೆ. ಬೆಂಗ್ಳೂರೋರು ನೆಲ ನೆಕ್ತಾರೇನೋ.”

ಅವನು ನಗಲಿಲ್ಲ. ಈರಕ್ಕನ ಮುಂದೆ ನಗುವುದು ಅವನಿಗೆ ಯಾವಾಗಲೂ ಕಷ್ಟ. ಉಪ್ಪು ಕಟ್ಟಿದ್ದ ಬಟ್ಟೆಯನ್ನು ಒಗೆದವಳು ಅವಳು. ಮೇ ತಿಂಗಳಲ್ಲಿ ಹಿಲ್ಡಾ ಅವರ ತಾಯಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡು, ಮಗಳು ಹನ್ನೊಂದು ದಿನ ಕಲ್ಯಾಣಪುರಕ್ಕೆ ಹೋಗಿದ್ದರು. ಹೋಗುವಾಗ ಪುಸ್ತಕವನ್ನು ಭೀಮರಾಜುವಿನ ಕೈಗೆ ಕೊಟ್ಟು, ದಿನಕ್ಕೆರಡು ಸಲ ಎಂಟೂ ಭರಣಿ ನೋಡಿ ‘ಏನೂ ಮಾಡಿಲ್ಲ’ ಎಂದು ಬರೆದು ಸಹಿ ಹಾಕಲು ಹೇಳಿದ್ದರು. ಐದು ದಿನ ಅವನು ಹಾಗೇ ಬರೆದ. ಆರನೆಯ ದಿನ ಐದನೇ ಭರಣಿಯ ಬಟ್ಟೆ ಬಿಚ್ಚಿದಾಗ ವೈನಿನ ಮೇಲೆ ಬಿಳಿ ಪೊರೆ ಕಟ್ಟಿತ್ತು. ತೆಳ್ಳಗೆ, ಸುಕ್ಕುಸುಕ್ಕಾಗಿ, ಆರಿದ ಹಾಲಿನ ಕೆನೆಯಂತೆ. ಅವನು ಟಾರ್ಚ್ ಹಾಕಿ ನೋಡಿದ. ಕಿಟಕಿ ತೆರೆದು ನೋಡಿದ, ಮುಚ್ಚಿ ನೋಡಿದ. ಹಿಲ್ಡಾಗೆ ಫೋನ್ ಮಾಡಿದ, ಆಸ್ಪತ್ರೆಯಲ್ಲಿದ್ದರು, ಎತ್ತಲಿಲ್ಲ. ಸಂಜೆಯವರೆಗೆ ಅವನು ಆ ಪೊರೆಯನ್ನು ಒಂಬತ್ತು ಸಲ ನೋಡಿದ. ಏನೂ ಮಾಡದೆ ನಿಂತವನ ಕೈ ಎಲ್ಲಿರಬೇಕು ಎಂಬುದು ಅವನಿಗೆ ತಿಳಿಯಲಿಲ್ಲ; ಕಿಸೆಯಲ್ಲಿಟ್ಟ, ಬೆನ್ನ ಹಿಂದೆ ಕಟ್ಟಿದ, ಕೊನೆಗೆ ಭರಣಿಯ ಅಂಚಿನ ಮೇಲಿಟ್ಟ. ಮನೆಯಲ್ಲಿ ಯಶೋದ ಮಾವಿನಕಾಯಿ ಉಪ್ಪಿನಕಾಯಿ ಹಾಕಿದಾಗ, ಜಾಡಿಯ ಬಾಯಿಗೆ ಬೂಷ್ಟು ಬರಬಾರದೆಂದು, ಬಿಳಿ ಬಟ್ಟೆಯಲ್ಲಿ ಉಪ್ಪು ಗಂಟು ಕಟ್ಟಿ ಕಾಯಿಯ ಮೇಲೆ ಇಡುತ್ತಾಳೆ. ಅವಳ ತಾಯಿಯೂ ಇಡುತ್ತಿದ್ದಳು. ಅದು ಏನನ್ನೋ ಸೇರಿಸಿದಂತಲ್ಲ, ಮೇಲೆ ಇಟ್ಟಂತೆ. ಹೀಗೆಂದು ಅವನು ತನಗೆ ತಾನೇ ವಾದಿಸಿದ. ಇದೂ ಪಿಂಗಾಣಿ, ಅದೂ ಪಿಂಗಾಣಿ. ಮರುದಿನ ಬೆಳಿಗ್ಗೆ ಮನೆಯ ತಕ್ಕಡಿಯಲ್ಲಿ ಅರವತ್ತು ಗ್ರಾಂ ಕಲ್ಲುಪ್ಪು ತೂಗಿ, ಹಳೆಯ ಪಂಚೆಯ ಚೂರಿನಲ್ಲಿ ಕಟ್ಟಿ, ದಾರ ಬಿಗಿದು ತಂದು ಪೊರೆಯ ಮೇಲೆ ಮೆಲ್ಲಗೆ ಇಟ್ಟ. ಉಪ್ಪಿನಕಾಯಿಯ ಮೇಲೆ ಗಂಟು ಕೂರುತ್ತದೆ. ವೈನಿನ ಮೇಲೆ ಕೂರಲಿಲ್ಲ. ಒಂದು ಕ್ಷಣ ನಿಂತಂತೆ ಮಾಡಿ, ಪೊರೆ ಹರಿದುಕೊಂಡು, ಯಾವ ಸದ್ದೂ ಇಲ್ಲದೆ ಒಳಗೆ ಹೋಯಿತು. ಅವನು ಗಾಬರಿಯಲ್ಲಿ ದಾರ ಎಳೆಯುವಾಗ ಅದು ಬೆರಳಿಂದ ಜಾರಿ ಒಳಗೇ ಬಿತ್ತು. ಎರಡು ದಿನ ಬಿಟ್ಟು ಉದ್ದನೆಯ ಕಡ್ಡಿಗೆ ಸಿಕ್ಕಿಸಿ ಎತ್ತಿದಾಗ ಬಂದದ್ದು ನೇರಳೆ ಬಣ್ಣದ ಖಾಲಿ ಬಟ್ಟೆ. ಪೊರೆ ಹೋಗಿತ್ತು. ಉಪ್ಪಿನಿಂದಲೋ, ಕಡ್ಡಿ ತಾಗಿಯೋ ಅವನಿಗೆ ಗೊತ್ತಿಲ್ಲ. ಉಪ್ಪು ಹಾಕಿದ ದಿನದ ಪುಟದಲ್ಲೂ ಅವನು ‘ಏನೂ ಮಾಡಿಲ್ಲ’ ಎಂದು ಬರೆದ. ಅಕ್ಷರ ಉಳಿದ ದಿನಗಳಿಗಿಂತ ಚೆನ್ನಾಗಿಯೇ ಬಂತು. ತಂತಿಯ ಮೇಲೆ ಒಣಹಾಕಿದ್ದ ಬಟ್ಟೆಯನ್ನು ಈರಕ್ಕ ಬಕೆಟ್ಟಿಗೆ ಹಾಕಿಕೊಳ್ಳುತ್ತ “ಇದೇನ್ ಸಾ?” ಎಂದಿದ್ದಳು. “ಬಟ್ಟೆ” ಎಂದಿದ್ದ. ಅವಳು ಅದರ ಮುದುಡಿದ ಮೂಲೆಯನ್ನು ಮೂಸಿ, ಮತ್ತೇನೂ ಕೇಳದೆ ಒಗೆದಿದ್ದಳು.

ಆ ಉಪ್ಪಿನ ರುಚಿ ಹೇಗಿದೆ ಎಂದು ನೋಡಲೂ ಅವನಿಗೆ ಆಗುವುದಿಲ್ಲ. ಮೂವತ್ತು ವರ್ಷದ ಹಿಂದೆ ಬಿಳಿ ಬಟ್ಟೆ ಉಟ್ಟು ಬುದ್ಧನ ಪಂಚಶೀಲ ತೆಗೆದುಕೊಂಡವನು. ಐದನೆಯ ಶೀಲದ ಪ್ರಕಾರ ಹೆಂಡ ಮುಟ್ಟುವಂತಿಲ್ಲ. ಕುಡಿಯುವುದಿಲ್ಲವಲ್ಲ, ಕಾಯುವುದಷ್ಟೇ ಎಂದು ಕೆಲಸಕ್ಕೆ ಸೇರಿದ್ದ. ನಾಲ್ಕನೆಯ ಶೀಲ ಸುಳ್ಳಿನ ಬಗ್ಗೆ. ಐದನೆಯದನ್ನು ಅಷ್ಟು ಜೋಪಾನವಾಗಿ ಕಾಪಾಡುವ ಭರದಲ್ಲಿ ನಾಲ್ಕನೆಯದು ಯಾವಾಗ ಕೈತಪ್ಪಿತೆಂದು ಗೊತ್ತಾಗಲಿಲ್ಲ. ಅಥವಾ ಗೊತ್ತಾಗಿತ್ತು. ಹಾಲಿನ ಕೇಂದ್ರದಲ್ಲಿ ಅವನು ಲ್ಯಾಕ್ಟೋಮೀಟರ್ ಅದ್ದಿದ ಹಾಲನ್ನು, ಅವನು ಅದ್ದಿದನೆಂಬ ಕಾರಣಕ್ಕೇ ವಾಪಸ್ ಒಯ್ದವರು ಮೊದಮೊದಲು ಇದ್ದರು. ಕಾಲೊನಿಯ ಹುಡುಗ ಕೈ ಹಾಕಿದ ಹಾಲು. ಅವರಿಗೆ ಅವನ ಉತ್ತರ ನಿಯಮ. ಸಾಂದ್ರತೆ ಇಷ್ಟಿರಬೇಕು, ಇಲ್ಲದಿದ್ದರೆ ಇಲ್ಲ. ಉಪ್ಪಿನ ಪರೀಕ್ಷೆಯಲ್ಲಿ ಇಟ್ಟಿಗೆ ಬಣ್ಣ ಬಂದರೆ ಸರಿ, ಹಳದಿ ಉಳಿದರೆ ಕಲಬೆರಕೆ. ನೀರು ಬೆರೆಸಿ ಅದು ಗೊತ್ತಾಗದಿರಲೆಂದು ಉಪ್ಪು ಹಾಕುವವರಿದ್ದರು. ಒಂದು ಬೆಳಿಗ್ಗೆ ಈರಕ್ಕನ ಹಾಲು ಹಳದಿ ಉಳಿಯಿತು. ಹತ್ತೊಂಬತ್ತು ವರ್ಷದ ಹಿಂದಿನ ಮಾತು. ಕುರಿಹಟ್ಟಿಯಿಂದ ಬಂದು, ಸಾಲದಲ್ಲಿ ಕೊಂಡ ಒಂದೇ ಹಸುವಿನ ನಾಲ್ಕು ಲೀಟರನ್ನು ತರುತ್ತಿದ್ದಳು. ಸಾಲಿನಲ್ಲಿ ಮೂವತ್ತು ಜನ ನಿಂತಿದ್ದರು. ಅವನು ಗಟ್ಟಿಯಾಗಿ “ಉಪ್ಪು” ಎಂದು ಹೇಳಿ, ಅವಳ ಕ್ಯಾನನ್ನು ಚರಂಡಿಗೆ ಬಗ್ಗಿಸಿದ. ಅವಳು ಒಂದು ಮಾತೂ ಆಡದೆ ನಿಂತಿದ್ದಳು. ಅದೇ ಬೆಳಿಗ್ಗೆ, ಅವಳಿಗಿಂತ ಆರು ಜನ ಮುಂದೆ, ಸಂಘದ ಅಧ್ಯಕ್ಷ ಜಯರಾಮಯ್ಯನವರ ಕ್ಯಾನು ಸಾಂದ್ರತೆಯಲ್ಲಿ ಎರಡು ಅಂಕ ಕಡಿಮೆ ತೋರಿಸಿದ್ದನ್ನು ಅವನು ಸರಿ ಎಂದು ಬರೆದು ಕಳಿಸಿದ್ದ. ಎರಡು ವರ್ಷದ ನಂತರ ತರಬೇತಿಯೊಂದರಲ್ಲಿ ಪಶುವೈದ್ಯರು, ಕೆಚ್ಚಲುಬಾವು ಬಂದ ಹಸುವಿನ ಹಾಲಿನಲ್ಲಿ ಲವಣ ತಾನಾಗಿ ಏರುತ್ತದೆ, ಯಾರೂ ಉಪ್ಪು ಹಾಕದೆಯೂ ಪರೀಕ್ಷೆ ಹಳದಿ ಬರಬಹುದು ಎಂದರು. ಅವನು ಅದನ್ನು ಬರೆದುಕೊಂಡ. ಪೆನ್ನಿನ ಮುಚ್ಚಳ ಹಾಕಿದ. ಈರಕ್ಕ ಅಷ್ಟರಲ್ಲಿ ಹಸು ಮಾರಿದ್ದಳು.

ಹನ್ನೊಂದೂ ಕಾಲಿಗೆ ಕಾರು ಬಂತು. ಇಳಿದವಳು ಅನುಷಾ, ಹೋಟೆಲುಗಳಿಗೆ ವೈನ್ ಆರಿಸಿಕೊಡುವ ಕೆಲಸದವಳು, ಮೂವತ್ತು ದಾಟಿದ ಹೆಂಗಸು. ಹಿಂದೆ ಕ್ಯಾಮೆರಾ ಚೀಲ ಹೊತ್ತ ಸುನಿಲ್‌ಕುಮಾರ್. ಕರಾವಳಿ ಮೂಲದ, ಸಣ್ಣ ಪ್ರಮಾಣದಲ್ಲಿ ವೈನ್ ಮಾಡುವವರನ್ನು ಹುಡುಕಿಕೊಂಡು ಇಬ್ಬರೂ ನಾಲ್ಕು ತಿಂಗಳಿಂದ ತಿರುಗುತ್ತಿದ್ದರಂತೆ. ಕಾರವಾರದಲ್ಲಿ ಒಬ್ಬರು, ಗೋವಾದಲ್ಲಿ ಮೂವರು, ಈಗ ಇಲ್ಲಿ.

“ನಮ್ಮೂರು ವೈ.ಎನ್.ಹೊಸಕೋಟೆ ಸಾರ್” ಎಂದಳು ಭೀಮರಾಜುವಿಗೆ ಕೈ ಮುಗಿದು. “ಗೋವಾವರೆಗೂ ಹೋಗಿ ಹುಡುಕಿದ್ದು ಮನೆ ಬಾಗಿಲಲ್ಲೇ ಸಿಕ್ತು ನೋಡಿ. ನಮ್ಮ ಅವ್ವಗೆ ಹೇಳಿದ್ರೆ, ಮಧುಗಿರಿಲಿ ಬಂಡೆ ಬಿಟ್ರೆ ಏಮುಂದೇ, ಏನಿದೆಯೇ ಅಂದ್ಲು.”

ಹಿಲ್ಡಾ ನಕ್ಕರು. ಅವರ ಕತ್ತಿನ ಬದಿಯಲ್ಲಿ ಕೆಂಪು ಮಚ್ಚೆಗಳೆದ್ದಿದ್ದವು. ಹೆದರಿದಾಗ ಹಾಗಾಗುತ್ತದೆ ಎಂದು ಭೀಮರಾಜುವಿಗೆ ಗೊತ್ತಿತ್ತು. ಮೂರು ವರ್ಷದಿಂದ ಪೇಟೆಯ ಒಬ್ಬನೂ ಅವರ ವೈನನ್ನು ಒಂದು ಪೆಟ್ಟಿಗೆಗಿಂತ ಹೆಚ್ಚು ಕೊಂಡಿರಲಿಲ್ಲ. ಮೋಡ ಮುಸುಕಿದಂತಿದೆ ಎಂದಿದ್ದರು, ಹುಳಿ ಎಂದಿದ್ದರು, ಒಬ್ಬ ಅಂಗಡಿಯವನು ಬಾಟಲಿ ಕೆಳಗಿಟ್ಟು ಅಂಗೈ ಒರೆಸಿಕೊಂಡಿದ್ದ. ಇವತ್ತು ಇವರೂ ಹೋದರೆ ಮುಂದಿನ ವರ್ಷ ತೋಟ ನಾಗಲಿಂಗಯ್ಯನವರಿಗೆ ವಾಪಸ್. ಇದನ್ನು ಆಕೆ ಭೀಮರಾಜುವಿಗೆ ಹಿಂದಿನ ದಿನವೇ ಹೇಳಿದ್ದರು, ನಾಳೆ ಬಸ್ ಎಷ್ಟು ಗಂಟೆಗೆ ಎಂಬ ಧ್ವನಿಯಲ್ಲಿ.

ಒಂದನೇ ಭರಣಿಯಿಂದ ಶುರುವಾಯಿತು. ಹಿಲ್ಡಾ ಉದ್ದ ಹಿಡಿಯ ಸೌಟಿನಲ್ಲಿ ಎತ್ತಿ ಗಾಜಿನ ಲೋಟಕ್ಕೆ ಹಾಕುವುದು, ಅನುಷಾ ಬೆಳಕಿಗೆ ಹಿಡಿಯುವುದು, ತಿರುಗಿಸುವುದು, ಮೂಗು ಇಡುವುದು, ಬಾಯಿಗೆ ಹಾಕಿ ಗಾಳಿ ಎಳೆದುಕೊಂಡು ಸದ್ದು ಮಾಡುವುದು, ಆಮೇಲೆ ಬಕೆಟ್ಟಿಗೆ ಉಗುಳುವುದು. ಬಾಗಿಲಲ್ಲಿ ನಿಂತಿದ್ದ ಈರಕ್ಕ ಸೆರಗನ್ನು ಬಾಯಿಗೆ ಒತ್ತಿಕೊಂಡಳು. “ಉಗುಳಕ್ಕೆ ಅಷ್ಟು ದೂರದಿಂದ ಬಂದವ್ರಾ ಸಾ?” ಎಂದು ಪಿಸುಗುಟ್ಟಿದಳು. “ನಾನ್ ತುಳ್ದಿದ್ದು ಕಣವ್ವ ಅದು” ಎಂದೂ ಸೇರಿಸಿದಳು, ಈ ಸಲ ಗಟ್ಟಿಯಾಗಿ. ಅನುಷಾ ತಿರುಗಿ, “ಅಕ್ಕ, ನೀವೇ ತುಳಿದಿದ್ದಾ? ಕಾಲು ತೋರ್ಸಿ” ಎಂದಳು. ಈರಕ್ಕ ಸೀರೆ ಎತ್ತಿ ಕಾಲು ತೋರಿಸಿದಳು. ಸುನಿಲ್ ಕಾಲಿನ ಚಿತ್ರ ತೆಗೆದ. ಎರಡು, ಮೂರು, ನಾಲ್ಕು. ಅನುಷಾ ಪ್ರತಿಯೊಂದಕ್ಕೂ ಚೆನ್ನಾಗಿದೆ ಎಂದಳು. ಹಾಲಿನ ಕೇಂದ್ರಕ್ಕೆ ಬಂದ ಮೇಲಧಿಕಾರಿಗಳು ಹಾಗೇ ಹೇಳುತ್ತಿದ್ದರು. ಆಮೇಲೆ ಬರುವ ಕಾಗದದಲ್ಲಿ ಬೇರೆ ಇರುತ್ತಿತ್ತು. ಹಿಲ್ಡಾ ಅವರ ಕತ್ತಿನ ಮಚ್ಚೆಗಳು ಕಿವಿಯವರೆಗೆ ಏರಿದವು.

ಐದನೇ ಭರಣಿಯ ಬಟ್ಟೆ ಬಿಚ್ಚುವಾಗ ಭೀಮರಾಜು ಗೋಡೆಯ ಪರವಾನಗಿಯನ್ನು ಓದುತ್ತಿದ್ದ. ಷರತ್ತು ಒಂದು, ಷರತ್ತು ಎರಡು. ಬೆನ್ನ ಹಿಂದೆ ಲೋಟ ತುಂಬಿದ ಸದ್ದು, ಬಾಯಿಗೆ ಗಾಳಿ ಎಳೆದ ಸದ್ದು. ಉಗುಳಿದ ಸದ್ದು ಬರಲಿಲ್ಲ. ಷರತ್ತು ಮೂರನ್ನು ಅವನು ಎರಡು ಸಲ ಓದಿದ.

“ಅಮ್ಮೋ” ಎಂದಳು ಅನುಷಾ.

ಅವಳು ನುಂಗಿದ್ದಳು. ಇನ್ನೊಂದು ಸೌಟು ಕೇಳಿ ಅದನ್ನೂ ನುಂಗಿದಳು. “ಸುನಿಲ್, ಇದು ನೋಡೋ. ಉಪ್ಪುಪ್ಪು ಬರುತ್ತಲ್ಲ, ಕೊನೇಲಿ? ಕಡಲು. ಪಕ್ಕಾ ಕಡಲು. ನಾನು ಹೇಳ್ತಿರ್ಲಿಲ್ವಾ, ಕರಾವಳಿಯೋರು ಎಲ್ಲಿಗೆ ಹೋದ್ರೂ ಕಡಲು ಕಟ್ಕೊಂಡೇ ಹೋಗ್ತಾರೆ ಅಂತ.”

“ಆದ್ರೆ ಇಲ್ಲಿಂದ ಕಡಲಿಗೆ ಒಂದು ಹಗಲಿನ ದಾರಿ” ಎಂದರು ಹಿಲ್ಡಾ, ನಂಬಲಾಗದೆ. ತಾವೂ ಒಂದು ಗುಟುಕು ಕುಡಿದರು. ಬಹಳ ಹೊತ್ತು ಬಾಯಲ್ಲೇ ಇಟ್ಟುಕೊಂಡರು. ಅವರ ಮುಖ ಭೀಮರಾಜು ಹಿಂದೆಂದೂ ನೋಡದ ಒಂದು ರೀತಿಯಲ್ಲಿ ಸಡಿಲವಾಯಿತು. “ಹೌದು ಮಾರಾಯ್ರೆ. ನಮ್ಮ ಕೋಡಿಬೆಂಗ್ರೆಯಲ್ಲಿ ಹೊಳೆ ಕಡಲಿಗೆ ಸೇರುವಲ್ಲಿ ಕೈ ಅದ್ದಿ ನೆಕ್ಕಿದ ಹಾಗೆ. ಅಜ್ಜಿಯ ವೈನಿನಲ್ಲಿ ಸಹ ಇದಿತ್ತು, ನನಗೆ ನೆನಪಿದೆ.”

ಈ ಭರಣಿಯ ರುಚಿ ಅಜ್ಜಿಯದೂ ಅಲ್ಲ, ಕಡಲಿನದೂ ಅಲ್ಲ ಎಂದು ಭೀಮರಾಜುವಿಗೆ ಖಚಿತವಾಗಿ ಗೊತ್ತಿತ್ತು. ಅವನು ಕಡಲನ್ನು ನೋಡಿದ್ದು ಒಂದೇ ಸಲ, ಹಾಲಿನ ಸಂಘದ ಅಧ್ಯಯನ ಪ್ರವಾಸದಲ್ಲಿ, ಮಂಗಳೂರಿನಲ್ಲಿ. ಪ್ಯಾಂಟು ಮಡಿಚಿ ನಿಂತವನ ಎಡಗಾಲಿನ ಚಪ್ಪಲಿಯನ್ನು ಎರಡನೆಯದೋ ಮೂರನೆಯದೋ ಅಲೆ ಒಯ್ದಿತ್ತು. ಉಳಿದ ಒಂದೇ ಚಪ್ಪಲಿಯನ್ನು ಬಿಸಾಡಲು ಮನಸ್ಸಾಗದೆ ಚೀಲದಲ್ಲಿಟ್ಟುಕೊಂಡು ಬಂದದ್ದನ್ನು ಬಸ್ಸಿನಲ್ಲಿ ಯಾರೋ ಪತ್ತೆಹಚ್ಚಿ, ಹಾಸನದವರೆಗೆ ನಕ್ಕಿದ್ದರು. ಈಗ ಹೇಳಬೇಕು ಎಂದುಕೊಂಡ. ಈ ಸೌಟು ಕೆಳಗಿಟ್ಟ ಮೇಲೆ. ಸೌಟು ಕೆಳಗಿಟ್ಟರು. ಆರನೇ ಭರಣಿ ಮುಗಿದ ಮೇಲೆ. ಆರು, ಏಳು, ಎಂಟನ್ನು ಅನುಷಾ ಚೆನ್ನಾಗಿದೆ ಎಂದು ಬೇಗ ಬೇಗ ಮುಗಿಸಿ ಐದಕ್ಕೇ ವಾಪಸ್ ಬಂದಳು. ಐದನೆಯದು ಅಷ್ಟೂ ಬೇಕು, ಮುಂದಿನ ವರ್ಷ ಇಂಥದ್ದೇ ಎಂಟೂ ಭರಣಿ ಬೇಕು ಎಂದಳು. ಇದರಲ್ಲಿ ಯಾರ ಕೈಯೂ ಇಲ್ಲ, ಅದು ನಾಲಗೆಗೆ ಗೊತ್ತಾಗುತ್ತೆ ಎಂದಳು. ಹಿಲ್ಡಾ ಪುಸ್ತಕ ತಂದು ತೋರಿಸಿದರು. ಅನುಷಾ ಪುಟ ತಿರುವಿದಳು. ಏನೂ ಮಾಡಿಲ್ಲ, ಭೀಮರಾಜು. ಏನೂ ಮಾಡಿಲ್ಲ, ಭೀಮರಾಜು. ಏನೂ ಮಾಡಿಲ್ಲ, ಭೀಮರಾಜು.

“ಸಾರ್, ನೀವು ಇದನ್ನ ಕ್ಯಾಮೆರಾ ಮುಂದೆ ಹೇಳ್ಬೇಕು” ಎಂದಳು. “ಇಪ್ಪತ್ತೆಂಟು ವರ್ಷ ಕಲಬೆರಕೆ ಹಿಡಿದೋರು ನೀವು. ಬೇರೆ ಯಾರು ಹೇಳಿದ್ರೂ ಜನ ನಂಬಲ್ಲ.”

ಅವನನ್ನು ಹೊರಗೆ, ಬೇಲಿಯ ಪಕ್ಕ, ಹಿಂದೆ ದೂರದಲ್ಲಿ ಬೆಟ್ಟ ಕಾಣುವಂತೆ ನಿಲ್ಲಿಸಿದರು. ಸುನಿಲ್ ಅವನ ಅಂಗಿಗೆ ಕಡಲೆಕಾಯಿಯಷ್ಟು ಪುಟ್ಟ ಮೈಕು ಸಿಕ್ಕಿಸಿ, ತನ್ನ ಕಿವಿಗೆ ಹೆಡ್‌ಫೋನಿನ ದೊಡ್ಡ ಗುಬುಟುಗಳನ್ನು ಹಾಕಿಕೊಂಡ. ಹಿಲ್ಡಾ ಒಳಗೆ ಐದನೆಯದನ್ನು ಬಾಟಲಿಗೆ ಇಳಿಸುತ್ತಿದ್ದರು. ಅನುಷಾ ಕಾರಿನ ಬಳಿ ಫೋನಿನಲ್ಲಿದ್ದಳು. ಈರಕ್ಕ ನಲ್ಲಿಯ ಹತ್ತಿರ ಕುಕ್ಕರಗಾಲಲ್ಲಿ ಕೂತು ಗಾಜಿನ ಲೋಟಗಳನ್ನು ತೊಳೆಯುತ್ತಿದ್ದಳು. ಹತ್ತು ಅಡಿ ದೂರ. ಕ್ಯಾಮೆರಾದ ಕೆಂಪು ದೀಪ ಹೊತ್ತಿತು. ಭೀಮರಾಜು ಬಾಯಿ ತೆರೆದ. ತನ್ನ ಹೆಸರು ಹೇಳಿದ, ಹುದ್ದೆ ಹೇಳಿದ, ಸೇವೆಯ ವರ್ಷ ಹೇಳಿದ. ಆಮೇಲೆ, ಅವನಿಗೇ ಆಶ್ಚರ್ಯವಾಗುವಷ್ಟು ಸಲೀಸಾಗಿ, ಐದನೇ ಭರಣಿಗೆ ಮೇ ಹದಿನೇಳನೇ ತಾರೀಖು ಬೆಳಿಗ್ಗೆ ಒಂಬತ್ತೂವರೆಗೆ ಅರವತ್ತು ಗ್ರಾಂ ಕಲ್ಲುಪ್ಪು ಹಾಕಿದವನು ತಾನು, ಮೇಡಂಗೆ ಅದು ಗೊತ್ತಿಲ್ಲ, ಪುಸ್ತಕದಲ್ಲಿ ಬರೆದದ್ದು ಸುಳ್ಳು, ಎಂದ. ವರದಿ ಒಪ್ಪಿಸಿದ ಹಾಗೆ. ಎದೆಯೊಳಗೆ ಎರಡು ತಿಂಗಳಿಂದ ಬಿಗಿದಿದ್ದ ಏನೋ ಒಂದು ಗುಂಡಿ ಬಿಚ್ಚಿದಂತಾಯಿತು. ನಲ್ಲಿಯ ಬಳಿ ಲೋಟಗಳ ಸದ್ದು ನಿಂತಿತ್ತು.

ಸುನಿಲ್ ಕಿವಿಯ ಗುಬುಟು ಸರಿಸಿ ಮುಖ ಹಿಂಡಿಕೊಂಡ. “ಸಾರಿ ಸಾರ್. ಬರೀ ಗಾಳಿ. ಒಂದು ಅಕ್ಷರ ಬಂದಿಲ್ಲ. ಆ ಗೋಡೆ ಮರೆಗೆ ಬನ್ನಿ, ಇನ್ನೊಂದ್ಸಲ ಹೇಳ್ಬಿಡಿ. ಶಾರ್ಟಾಗಿ ಸಾಕು.”

ಗೋಡೆಯ ಮರೆಯಲ್ಲಿ ಗಾಳಿ ಇರಲಿಲ್ಲ. ಅಷ್ಟು ನಿಶ್ಶಬ್ದದಲ್ಲಿ ಅವನಿಗೆ ತನ್ನ ಉಸಿರು ಕೇಳಿಸಿತು. ಒಮ್ಮೆ ಹೇಳಿ ಆಗಿದೆ ಎಂದು ಅವನ ಮೈ ತಿಳಿದುಕೊಂಡುಬಿಟ್ಟಿತ್ತು. ಬಾಕಿ ತೀರಿದವನ ಆಯಾಸ ಮಾತ್ರ ಉಳಿದಿತ್ತು. ಮತ್ತೆ ಅದೇ ಮಾತಿಗೆ ಬೇಕಾದ ಬಲ ಎಲ್ಲಿಂದ ತರುವುದು? ಕೆಂಪು ದೀಪ ಹೊತ್ತಿತು. ಹೆಸರು ಹೇಳಿದ, ಹುದ್ದೆ ಹೇಳಿದ. “ಇದಕ್ಕೆ ಏನೂ ಹಾಕಿಲ್ಲ” ಎಂದ. “ದ್ರಾಕ್ಷಿ ಮಾತ್ರ.”

“ಸೂಪರ್ ಸಾರ್” ಎಂದ ಸುನಿಲ್.

ಒಂದೂವರೆಗೆ ಕಾರು ಹೋಯಿತು. ಮೊದಲ ಕಂತಾಗಿ ಐದನೇ ಭರಣಿಯ ಹನ್ನೆರಡು ಬಾಟಲಿಗಳು ಡಿಕ್ಕಿಯಲ್ಲಿ ಹೋದವು. ಹಿಲ್ಡಾ ಗೇಟಿನ ಬಳಿ ಕೈಬೀಸುತ್ತ, ಕಾರು ಕಾಣದಾದ ಮೇಲೂ ಸ್ವಲ್ಪ ಹೊತ್ತು ನಿಂತಿದ್ದರು. ಆಮೇಲೆ ಒಳಗೆ ಹೋಗಿ, ಭೀಮರಾಜುವಿಗೆ ಕೇಳುವಂತೆ, ಮುಂದಿನ ವರ್ಷ ಇನ್ನೂ ನಾಲ್ಕು ಭರಣಿ ತರಿಸುದು ಎಂದರು. ಅವನು ನಲ್ಲಿಯ ಹತ್ತಿರ ಹೋದ. ಅಲ್ಲಿ ಅವನಿಗೆ ಕೆಲಸವೇನೂ ಇರಲಿಲ್ಲ. ಈರಕ್ಕ ಲೋಟವೊಂದನ್ನು ಬೆಳಕಿಗೆ ಹಿಡಿದು ನೋಡುತ್ತಿದ್ದಳು, ಅನುಷಾ ಹಿಡಿದಿದ್ದ ಹಾಗೆ.

“ಎರಡ್ನೇ ಸಲ ಹೇಳಿದ್ದು ಚೆನ್ನಾಗಿ ಬಂತು ಸಾ” ಎಂದಳು.

ಅವನು, “ಮೊದಲ್ನೇದೂ ಹೇಳ್ದೆನಲ್ಲ. ಕೇಳಿಸ್ತಲ್ಲ ನಿಂಗೆ?” ಎಂದ. ಧ್ವನಿಯಲ್ಲಿ ಬೇಡುವವನ ಎಳೆಯೊಂದು ಬಂದದ್ದು ಅವನಿಗೇ ಕೇಳಿಸಿತು.

“ನಂಗೆ ಕೇಳಿಸ್ತು. ನಂಗೆ ಕೇಳಿಸಿ ಏನಾಗ್ಬೇಕು?” ಲೋಟವನ್ನು ಬೋರಲು ಹಾಕಿದಳು. “ನಾನೂ ಅವತ್ತು ಒಂದ್ಸಲ ಹೇಳಿದ್ದೆ ಬುಡಿ.”

“ಯಾವತ್ತು?”

“ಹಾಲು ಚೆಲ್ಲಿದ್ರಲ್ಲ, ಅವತ್ತು. ಹಸೂಗೆ ಕೆಚ್ಚಲು ಬಾತೈತೆ ಸಾ, ಅದಕ್ಕೇನೋ, ಉಪ್ಪು ಗಿಪ್ಪು ನಾವ್ ಹಾಕಿಲ್ಲ ಅಂದೆ. ಇಂಗೇ ನಿಂತ್ಕಂಡು. ನೀವು ಮುಂದಿನ ಕ್ಯಾನಿನ ಮುಚ್ಚಳ ತೆಗೀತಾ ಇದ್ರಿ.”

ಭೀಮರಾಜು ಅವಳನ್ನೇ ನೋಡಿದ. ಹತ್ತೊಂಬತ್ತು ವರ್ಷ ಅವನು ಆ ಬೆಳಗನ್ನು ಎಷ್ಟೋ ಸಲ ತಿರುಗಿಸಿ ನೋಡಿದ್ದ. ಚರಂಡಿ, ಸಾಲು, ಜಯರಾಮಯ್ಯನವರ ಸ್ಕೂಟರು, ಹಳದಿ ಬಣ್ಣದ ಪರೀಕ್ಷಾನಳಿಕೆ, ಎಲ್ಲ ಇದ್ದವು. ಅವಳ ಬಾಯಿ ಒಂದು ಸಲವೂ ಅಲುಗಿರಲಿಲ್ಲ. ಅವಳು ಮಾತಾಡಲಿಲ್ಲ ಎಂಬುದನ್ನು ಹಿಡಿದುಕೊಂಡೇ ಅವನು, ತಪ್ಪಿದ್ದರೆ ಹೇಳುತ್ತಿದ್ದಳಲ್ಲ ಎಂದು ಅರ್ಧ ಸಮಾಧಾನ ಮಾಡಿಕೊಂಡಿದ್ದ.

“ಇನ್ನೊಂದ್ಸಲ ಹೇಳ್ಬೋದಿತ್ತಲ್ಲ ಈರಕ್ಕ?”

“ಹೇಳ್ಬೋದಿತ್ತು” ಎಂದಳು ಅವಳು. ಲೋಟಗಳನ್ನು ಬುಟ್ಟಿಗೆ ತುಂಬಿಕೊಳ್ಳುತ್ತ, “ಎರಡ್ನೇ ಸಲಕ್ಕೆ ಆಗ್ನಿಲ್ಲ ಸಾ. ನಿಮ್ಗೆ ಗೊತ್ತಲ್ಲ ಈಗ” ಎಂದಳು. ಬುಟ್ಟಿಯನ್ನು ಸೊಂಟಕ್ಕಿಟ್ಟುಕೊಂಡು ಎದ್ದು, ಲೋಟಗಳು ಒಂದಕ್ಕೊಂದು ತಾಗದಂತೆ ಮೆಲ್ಲಗೆ ನಡೆದು ಒಳಗೆ ಹೋದಳು.

ಅವನು ಒಳಗೆ ಹೋದಾಗ ಹಿಲ್ಡಾ ಉಳಿದ ಬಾಟಲಿಗಳಿಗೆ ಚೀಟಿ ಅಂಟಿಸುತ್ತಿದ್ದರು. ನಾಲಗೆಯ ತುದಿಯನ್ನು ಹಲ್ಲಿನ ನಡುವೆ ಹಿಡಿದು, ಚೀಟಿ ಸೊಟ್ಟಗಾಗದಂತೆ. ಅವನು ಎದುರಿಗೆ ನಿಂತು ಹೇಳಿದ. ವೇಳೆ, ತೂಕ, ಬಟ್ಟೆ, ದಾರ. ಮುಗಿಯುವವರೆಗೆ ಆಕೆ ಕೈಯಲ್ಲಿದ್ದ ಚೀಟಿಯನ್ನು ಅಂಟಿಸಲೂ ಇಲ್ಲ, ಕೆಳಗಿಡಲೂ ಇಲ್ಲ. ಕೊನೆಗೆ ಅದು ಅವರ ಬೆರಳಿಗೇ ಅಂಟಿಕೊಂಡಿತು.

“ಕಲ್ಲುಪ್ಪಾ?” ಎಂದರು.

“ಹೌದು ಮೇಡಂ.”

“ನಾನು ಅಜ್ಜಿಯ ವೈನಿನಲ್ಲಿ ಇದಿತ್ತು ಅಂತ ಹೇಳಿದೆ.” ಅವರು ಬೆರಳಿನ ಚೀಟಿಯನ್ನು ನೋಡುತ್ತಿದ್ದರು. “ಎಲ್ಲರ ಎದುರು ಹೇಳಿದೆ. ನನಗೆ ಸಿಕ್ಕಿತ್ತು ಸಹ, ಆ ರುಚಿ. ನಿಜವಾಗಿ ಸಿಕ್ಕಿತ್ತು.”

ಬೈಯುತ್ತಾರೆ ಎಂದು ಅವನು ಕಾದ. ಬೈಯಲಿಲ್ಲ. ಭರಣಿಗಳ ಕಡೆ ನೋಡಿದರು. ಎಂಟೂ ಒಂದೇ ಥರ ಕಂದು, ಒಂದೇ ಥರ ಬಾಯಿ ಕಟ್ಟಿಕೊಂಡು ಕೂತಿದ್ದವು. ಆಮೇಲೆ ಮೇಜಿನ ಮೇಲಿದ್ದ ತಮ್ಮ ಫೋನನ್ನು ಎತ್ತಿಕೊಂಡು, ನಂಬರು ಹುಡುಕಿ, ಒತ್ತಿ, ಕಿವಿಗೆ ಇಟ್ಟುಕೊಳ್ಳದೆ ಅವನ ಮುಂದೆ ಚಾಚಿದರು.

“ನೀವೇ ಹೇಳಿ” ಎಂದರು.

“ಮೇಡಂ, ಅವರು ತಗೊಳ್ಳಲ್ಲ ಅಂದ್ರೆ?”

“ಅಂದ್ರೆ ಅಂತಾರೆ.”

ಫೋನು ಬೆಚ್ಚಗಿತ್ತು. ಆಚೆ ಬದಿಯಲ್ಲಿ ಮೂರು ಸಲ ರಿಂಗಾಗಿ ಕರೆ ಸಿಕ್ಕಿತು. “ನಾನು ಭೀಮರಾಜು” ಎಂದ. ಕಾರಿನ ಗಾಜು ಮೇಲೇರಿದ ಸದ್ದು ಕೇಳಿಸಿತು, ಹೊರಗಿನ ಲಾರಿಗಳ ಗದ್ದಲ ಕತ್ತರಿಸಿದಂತೆ ನಿಂತಿತು, ನಂತರ ಅನುಷಾಳ ಧ್ವನಿ ಪಕ್ಕದಲ್ಲೇ ನಿಂತಂತೆ ಸ್ಪಷ್ಟವಾಗಿ ಬಂತು.

“ಹೇಳಿ ಸಾರ್, ಕೇಳಿಸ್ತಿದೆ.”